ಒಂದು ಮಹಡಿ ಕೆಳಗೆ

ಲಿಫ್ಟಣ್ಣ ತನ್ನ ಸ್ಟೂಲನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಕಟ್ಟಡದ ಮಾಲೀಕರೇ ಬಂದರೂ ಅವನ ಲಿಫ್ಟಿನಲ್ಲಿ ನಿಂತುಕೊಂಡೇ ಹೋಗಬೇಕು. ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿಕೆ, ನರಳಿಕೊಂಡು ಮೇಲೇರುವ ಮುದಿ ಯಂತ್ರ ಅದು. ಮಹಡಿಯ ನೆಲಕ್ಕೆ ಸರಿಸಮನಾಗಿ ಅದನ್ನು ನಿಲ್ಲಿಸುವ ಕೈಚಳಕ ಅವನೊಬ್ಬನಿಗೇ ಗೊತ್ತಿತ್ತು. ಬೇರೆಯವರು ಮುಟ್ಟಿದರೆ ಗೇಣುದ್ದ ಮೇಲೋ ಕೆಳಗೋ ನಿಂತು ಜನರನ್ನು ಎಡವಿ ಬೀಳಿಸುತ್ತಿತ್ತು. ಬೆಳಿಗ್ಗೆ ಬಂದು ಕೂತನೆಂದರೆ ಸಂಜೆಯ ತನಕ ಕೂತಲ್ಲಿಂದ ಏಳುವವನಲ್ಲ. ದಿನವಿಡೀ ಮೇಲಕ್ಕೂ ಕೆಳಕ್ಕೂ ಓಡಾಡಿಯೂ ಚಪ್ಪಲಿ ಸವೆಸದ ಪುಣ್ಯಾತ್ಮ. ಹೊಟ್ಟೆ ಮಾತ್ರ ವರ್ಷದಿಂದ ವರ್ಷಕ್ಕೆ ಬಡ್ತಿ ಪಡೆದು, ಈಗೀಗ ಕೈಗಿಂತ ಮೊದಲೇ ಹಿಡಿಕೆಯನ್ನು ಮುಟ್ಟುತ್ತಿತ್ತು.

ಹೆಂಡತಿ ಇದಕ್ಕೆ ತದ್ವಿರುದ್ಧ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡಿ ಬರುವುದು ಅವಳ ಕೆಲಸ. ಬೀದಿಗೆಲ್ಲ ಅವಳು ಮೀಟರಮ್ಮ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಸುಮ್ಮನೆ ಬೊಗಳುತ್ತದೆ, ಯಾರ ಮೀಟರ್ ಮೆಟ್ಟಿಲ ಕೆಳಗಿದೆ, ಯಾರದು ಅಟ್ಟದ ಮೇಲಿದೆ, ಎಲ್ಲ ಬಾಯಿಪಾಠ. ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಾ ಗಂಡನನ್ನು ಕಿಚಾಯಿಸುತ್ತಿದ್ದಳು.

"ಒಂದಿನ ನನ್ ಜೊತೆ ಬನ್ನಿ ನೋಡೋಣ. ಎರಡನೇ ಬೀದಿ ದಾಟೋ ಹೊತ್ತಿಗೆ ನಿಮ್ಮನ್ನ ಹೊತ್ಕೊಂಡು ಬರ್ಬೇಕಾಗುತ್ತೆ."

"ಅದಕ್ಕೇ ನಾನು ಲಿಫ್ಟಲ್ಲಿರೋದು ಕಣೇ, ಯಾರೂ ಹೊರೋದು ಬೇಡ ಅಂತ," ಎನ್ನುತ್ತಿದ್ದ ಅವನು.

ಅಂಥವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಕ್ಯಾನ್ಸರ್ ಎಂದರು. ಲಿಫ್ಟಣ್ಣನಿಗೆ ನಿಂತ ನೆಲವೇ ಕುಸಿದಂತಾಯಿತು. ಆಪರೇಷನ್ ಆಯಿತು, ಔಷಧಿ ಆಯಿತು, ಕೂದಲು ಉದುರಿತು. ಆಸ್ಪತ್ರೆಗೆ ಅಲೆದೂ ಅಲೆದೂ ಅವನು ಅರ್ಧವಾದ, ಹೊಟ್ಟೆಯೊಂದನ್ನು ಬಿಟ್ಟು.

ಸರಿಯಾಗಿ ಅದೇ ಹೊತ್ತಿಗೆ ಕಟ್ಟಡದ ನಾಲ್ಕನೇ ಮಹಡಿಗೆ ಹೊಸ ಕಚೇರಿಯೊಂದು ಬಂತು. ಜನಕ್ಕೆ ಕ್ಯಾನ್ಸರ್ ಬಾರದಂತೆ ಏನು ಮಾಡಬೇಕೆಂದು ಊರಿಗೆಲ್ಲ ತಿಳಿಹೇಳುವ ಕಚೇರಿ. ಅದರ ಮುಖ್ಯಸ್ಥೆ ಒಬ್ಬ ಡಾಕ್ಟರಮ್ಮ. ಬಂದ ವಾರದಲ್ಲೇ ಲಿಫ್ಟಿನ ಬಾಗಿಲ ಪಕ್ಕ ಒಂದು ಪೋಸ್ಟರ್ ಅಂಟಿತು: "ಮೆಟ್ಟಿಲು ಹತ್ತಿ. ಮೈ ಆಡಿಸಿ. ಕ್ಯಾನ್ಸರ್ ತಡೆಯಿರಿ."

ಲಿಫ್ಟಣ್ಣನಿಗೆ ಮೈಯೆಲ್ಲ ಉರಿಯಿತು. ಅವನ ಬಾಗಿಲಲ್ಲೇ ನಿಂತು ಅವನ ಹೊಟ್ಟೆಯ ಮೇಲೆ ಹೊಡೆಯುವುದೇ? ಅದಾದರೂ ಹಾಳಾಗಲಿ, ಈ ಮಾತನ್ನು ಆಸ್ಪತ್ರೆಯಲ್ಲಿ ಮಲಗಿರುವ ಮೀಟರಮ್ಮನ ಮುಂದೆ ಹೇಳಲಿ ನೋಡೋಣ! ಅವತ್ತಿನಿಂದ ಲಿಫ್ಟ್ ಹತ್ತಿದವರಿಗೆಲ್ಲ ಅವನದು ಒಂದೇ ರಾಗ.

"ನೋಡಿ ಸ್ವಾಮಿ, ಊರೆಲ್ಲಾ ನಡೆದವಳು ನನ್ ಹೆಂಡತಿ, ಬಂದಿದ್ದು ಅವಳಿಗೆ. ಕೂತಲ್ಲೇ ಕೂತಿರೋನು ನಾನು, ಗುಂಡುಕಲ್ಲಿನ ಹಾಗಿದ್ದೀನಿ. ಕ್ಯಾನ್ಸರ್ ಬೇಡ ಅಂದ್ರೆ ಲಿಫ್ಟ್ ಹತ್ತಿ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೇ ಮಹಡಿಯ ಲೆಕ್ಕಿಗರಂತೂ ಅದನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದರು. ಮೆಟ್ಟಿಲ ಕಡೆ ಹೊರಟವರು ಕೂಡ ಆ ಮಾತು ಕೇಳಲೆಂದೇ ಲಿಫ್ಟಿಗೆ ಬರತೊಡಗಿದರು. ರೋಗಿಯನ್ನು ನೋಡಲು ಲೆಕ್ಕಿಗರು ಮನೆಗೆ ಬಂದಾಗ ಅವರ ಒತ್ತಾಯಕ್ಕೆ ಅಲ್ಲಿಯೂ ಒಂದು ಪ್ರದರ್ಶನ ನಡೆಯಿತು. ತಲೆಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ ಮೀಟರಮ್ಮನೂ ನಕ್ಕಳು. ಅವಳ ನಗು ಕೇಳಿ ಎಷ್ಟೋ ದಿನವಾಗಿತ್ತು, ಅವನಿಗೆ ಸ್ವರ್ಗ ಸಿಕ್ಕಂತಾಯಿತು.

ಚಿಕಿತ್ಸೆ ಮುಗಿಯಿತು. ಗುಣವಾಗಿದೆ ಎಂದು ಹೇಳಿದ ಆಸ್ಪತ್ರೆಯ ವೈದ್ಯರು, ಬೀಳ್ಕೊಡುವಾಗ ಒಂದು ಮಾತು ಸೇರಿಸಿದರು.

"ಕೂತುಬಿಡಬೇಡಿ. ದಿನಾ ಸ್ವಲ್ಪ ಸ್ವಲ್ಪ ನಡೀರಿ. ಕಾಯಿಲೆ ತಿರುಗಿ ಬರದ ಹಾಗೆ ನೋಡ್ಕೊಳ್ಳೋಕೆ ಅದೂ ಒಂದು ಸಹಾಯ."

ಮೀಟರಮ್ಮ ಮನೆಗೆ ಬಂದವಳೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕೂತವಳು ಜಪ್ಪಯ್ಯ ಅಂದರೂ ಏಳಲಿಲ್ಲ. ಕೂದಲು ಗುಂಗುರು ಗುಂಗುರಾಗಿ ಮತ್ತೆ ಬಂತು, ಕೆಲಸಕ್ಕೆ ರಾಜೀನಾಮೆ ಹೋಯಿತು, ಅವಳ ಚಪ್ಪಲಿಯ ಮೇಲೆ ಧೂಳು ಕೂತಿತು. ಬೀದಿಯ ತುದಿಯವರೆಗಾದರೂ ಹೋಗಿ ಬರೋಣ ಬಾ ಎಂದು ಲಿಫ್ಟಣ್ಣ ಗೋಗರೆದ.

"ನೀವೇ ಹೇಳಿದ್ರಲ್ಲ," ಎಂದಳು ಅವಳು. ಕೋಪವಿರಲಿಲ್ಲ, ಕಣ್ಣು ಕಿಟಕಿಯ ಹೊರಗಿತ್ತು. "ನಡೆದವಳಿಗೇ ಬಂತು ಅಂತ. ಅಷ್ಟು ವರ್ಷ ನಡೆದು ನಾನೇನು ಕಂಡೆ? ಇನ್ನಾದ್ರೂ ಆರಾಮಾಗಿ ಕೂತಿರ್ತೀನಿ ಬಿಡಿ."

ಲಿಫ್ಟಣ್ಣ ಅವಳ ಕುರ್ಚಿಯ ಪಕ್ಕ ಕುಕ್ಕರಿಸಿದ. ಅದು ತಮಾಷೆ ಕಣೇ ಎಂದ. ತಮಾಷೆಯಾದರೂ ಸುಳ್ಳಂತೂ ಅಲ್ಲವಲ್ಲ ಎಂದಳು. ಮಾರನೆಯ ದಿನ ಲೆಕ್ಕಿಗರು "ಎಲ್ಲಿ, ಆ ಮಾತು ಹೇಳಿ" ಎಂದಾಗ ಅವನು ಅದನ್ನು ಹೇಳದೆ ಹಿಡಿಕೆ ತಿರುಗಿಸಿದ.

ಯಾವಾಗಲೂ ಮೆಟ್ಟಿಲು ಹತ್ತಿಯೇ ಹೋಗುವ ಡಾಕ್ಟರಮ್ಮ ಒಂದು ದಿನ ಭಾರದ ಪೆಟ್ಟಿಗೆಯೊಂದನ್ನು ಹಿಡಿದು ಲಿಫ್ಟಿಗೆ ಬಂದರು. ಒಳಗೆ ಅವರಿಬ್ಬರೇ. ಲಿಫ್ಟಣ್ಣ ಎರಡನೇ ಮಹಡಿ ದಾಟುವಷ್ಟರಲ್ಲಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿಬಿಟ್ಟ. ನಿಮ್ಮ ಪೋಸ್ಟರ್ ನಿಜವಾದರೆ ನನ್ನ ಹೆಂಡತಿಗೇಕೆ ಬಂತು, ಹೇಳಿ ಎಂದ.

ಡಾಕ್ಟರಮ್ಮ ಪೆಟ್ಟಿಗೆಯನ್ನು ಕೆಳಗಿಟ್ಟರು. "ಯಾಕೆ ಬಂತು ಅಂತ ನನಗೂ ಗೊತ್ತಿಲ್ಲ ಅಣ್ಣಾ. ಆದ್ರೆ ನಡೆದಿದ್ದಕ್ಕೆ ಬಂದಿದ್ದಲ್ಲ. ಈ ಲಿಫ್ಟಿಗೆ ಎಣ್ಣೆ, ಗ್ರೀಸು ಎಲ್ಲಾ ಹಾಕಿಸ್ತೀರಲ್ಲ, ಆದ್ರೂ ಮೊನ್ನೆ ಕೆಟ್ಟು ನಿಂತಿತ್ತಂತೆ?"

"ಯಂತ್ರ ಅಂದ್ಮೇಲೆ ಕೆಡುತ್ತಮ್ಮಾ."

"ಹಾಗಂತ ಗ್ರೀಸ್ ಹಾಕಿಸೋದು ಬಿಟ್ಟುಬಿಟ್ರಾ?"

"ಬಿಟ್ರೆ ದಿನಾ ಕೆಟ್ಟು ನಿಲ್ಲುತ್ತೆ," ಎಂದವನು ನಾಲಿಗೆ ಕಚ್ಚಿಕೊಂಡ.

"ಊರಿನೋರೆಲ್ಲ ಒಂದಿಷ್ಟು ಓಡಾಡಿದ್ರೆ, ಕ್ಯಾನ್ಸರಲ್ಲಿ ಕೆಲವು ಥರದ್ದು ಬರೋರ ಸಂಖ್ಯೆ ಕಮ್ಮಿ ಆಗುತ್ತೆ. ಎಲ್ಲರಿಗೂ ತಪ್ಪುತ್ತೆ ಅಂತಲ್ಲ. ಯಾರಿಗೆ ತಪ್ಪಿತು ಅನ್ನೋದು ನನಗೂ ಗೊತ್ತಾಗಲ್ಲ, ತಪ್ಪಿಸ್ಕೊಂಡವರಿಗೂ ಗೊತ್ತಾಗಲ್ಲ. ಯಾರೂ ಬಂದು ಥ್ಯಾಂಕ್ಸ್ ಹೇಳಲ್ಲ ನೋಡಿ, ನಮ್ಮದು ಅಂಥಾ ಕೆಲಸ." ಡಾಕ್ಟರಮ್ಮ ನಕ್ಕರು. ಲಿಫ್ಟಣ್ಣ ಪೆಟ್ಟಿಗೆಯನ್ನು ತಾನೇ ಎತ್ತಿ ಅವರ ಮೇಜಿನ ಮೇಲಿಟ್ಟು ಬಂದ.

ಇಲ್ಲಿಂದ ಮುಂದೆ ಅವನು ಮಾಡಿದ್ದನ್ನು ಬೇರೆ ಯಾರೂ ಮಾಡಲಾರರು. ತಾನು ಆಡಿದ ಮಾತನ್ನು ಕಟ್ಟಡದಿಂದ ಕಿತ್ತು ಹಾಕಬೇಕಿತ್ತು, ಅವನ ಕೈಯಲ್ಲಿದ್ದದ್ದು ಆ ಹಿಡಿಕೆಯೊಂದೇ. ಮುದುಕರು, ಬಸುರಿಯರು, ಕಾಲು ನೋವಿನವರು ಕೇಳಿದ ಮಹಡಿಗೇ ಹೋದರು. ಉಳಿದ ಗಟ್ಟಿಮುಟ್ಟಾದವರಿಗೆ ಲಿಫ್ಟು ಒಂದು ಮಹಡಿ ಕೆಳಗೇ ನಿಲ್ಲತೊಡಗಿತು. ಅಲ್ಲೂ ನೆಲಕ್ಕೆ ಸರಿಸಮ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

"ಏನ್ರೀ ಇದು, ನನಗೆ ಮೂರನೇ ಮಹಡಿ!" ಲೆಕ್ಕಿಗರು ಕೂಗಾಡಿದರು.

"ನಾನು ಹೇಳ್ತಿದ್ದಿದ್ದು ತಪ್ಪು ಸ್ವಾಮಿ. ಮಿಕ್ಕಿದ್ದು ಹತ್ಕೊಳ್ಳಿ. ನಿಮ್ಮ ಒಳ್ಳೇದಕ್ಕೇ."

ದೂರುಗಳು ಮ್ಯಾನೇಜರ್ ತನಕ ಹೋದವು. ಇನ್ನೊಂದು ಸಲ ಹೀಗಾದರೆ ಸ್ಟೂಲ್ ಖಾಲಿ ಮಾಡಬೇಕಾಗುತ್ತದೆ ಎಂದು ಅವರು ಕಡ್ಡಿ ಮುರಿದ ಹಾಗೆ ಹೇಳಿದರು. ಲಿಫ್ಟಣ್ಣ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದು, ಗ್ರೀಸಿನಿಂದ ಹಿಡಿದು ಬೈಗುಳದವರೆಗೆ ಎಲ್ಲವನ್ನೂ ಹೆಂಡತಿಗೆ ಒಪ್ಪಿಸಿದ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಅವನ ಮುಖವನ್ನೇ, ಅಲ್ಲಿಂದ ಹೊಟ್ಟೆಯನ್ನು, ಸುಮಾರು ಹೊತ್ತು ನೋಡಿದಳು.

"ಊರಿನೋರನ್ನೆಲ್ಲಾ ಇಳಿಸಿದ್ರಿ, ಸರಿ. ನೀವು ಯಾವ ಮಹಡೀಲಿ ಇಳಿದ್ರಿ?"

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಇವಳನ್ನು ಆ ಕುರ್ಚಿಯಿಂದ ಎಬ್ಬಿಸುವುದು ನನ್ನಿಂದಾಗದು ಎಂದು ಅವನು ಅವತ್ತು ಕೈಚೆಲ್ಲಿದ.

ಆ ವಾರವೇ ಒಂದು ಮಧ್ಯಾಹ್ನ ಲಿಫ್ಟಿನ ಜಾಲರಿಯಾಚೆ ಗುಂಗುರು ಕೂದಲು ಕಂಡಿತು. ಧೂಳು ಒರೆಸಿದ ಚಪ್ಪಲಿ, ಹಣೆಯ ಮೇಲೆ ಬೆವರು, ಕೈಯಲ್ಲಿ ಅವನು ಮರೆತು ಬಂದಿದ್ದ ಊಟದ ಡಬ್ಬಿ. ಅಷ್ಟು ದೂರ ನಡೆದೇ ಬಂದಿದ್ದಳು. ಲಿಫ್ಟಣ್ಣ ದಡಬಡಿಸಿ ಎದ್ದು, ಮಾಲೀಕರಿಗೂ ಕೊಡದ ಸ್ಟೂಲನ್ನು ಪಂಚೆಯ ತುದಿಯಿಂದ ಒರೆಸಿ ಮುಂದಕ್ಕೆ ತಳ್ಳಿದ.

"ಬಾ, ಬಾ, ಕೂತ್ಕೋ. ಡಾಕ್ಟರಮ್ಮನ್ನ ತೋರಿಸ್ತೀನಿ. ನಾಲ್ಕನೇ ಮಹಡಿ."

ಅವಳು ಸ್ಟೂಲನ್ನು ಒಮ್ಮೆ ನೋಡಿದಳು. ಕೂರಲಿಲ್ಲ. ಡಬ್ಬಿಯನ್ನು ಅದರ ಮೇಲಿಟ್ಟು ಮೆಟ್ಟಿಲ ಕಡೆ ನಡೆದಳು. ಲಿಫ್ಟಣ್ಣ ಜಾಲರಿ ಎಳೆದು ಅವಳ ಹಿಂದೆಯೇ ಓಡಿದ. ಅಷ್ಟು ವರ್ಷಗಳಲ್ಲಿ ಆ ಮೆಟ್ಟಿಲುಗಳನ್ನು ಅವನು ತುಳಿದಿರಲಿಲ್ಲ. ಮೊದಲ ಮಹಡಿಯಲ್ಲಿ ಬೆವರಿದ, ಎರಡನೆಯದಕ್ಕೆ ಏದುಸಿರು ಬಿಟ್ಟ. ತಿರುವಿನಲ್ಲಿ ಕಂಬಿ ಹಿಡಿದುಕೊಂಡು ನಿಂತುಬಿಟ್ಟ.

"ನಿಧಾನ ಕಣೇ... ನಿನ್ ಆರೋಗ್ಯ..."

ಅವಳು ಎರಡು ಮೆಟ್ಟಿಲು ಇಳಿದು ಬಂದಳು. ಅವಳಿಗೂ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ನನ್ ಆರೋಗ್ಯಕ್ಕೆ ಬಂದೆ ಅಂದ್ಕೊಂಡ್ರಾ? ನನಗೆ ಬಂತು, ಹೇಗೋ ತಡ್ಕೊಂಡೆ. ನಿಮಗೆ ಬಂದ್ರೆ ನನ್ ಕೈಲಿ ತಡ್ಕೊಳ್ಳೋಕಾಗಲ್ಲ ರೀ. ನಾನು ಕೂತಿದ್ರೆ ನೀವೂ ಆ ಸ್ಟೂಲ್ ಬಿಟ್ಟು ಏಳಲ್ಲ."

ಲಿಫ್ಟಣ್ಣನ ಕಣ್ಣು ಮಂಜಾಯಿತು. ಕೆಳಗೆ ಯಾರೋ ಲಿಫ್ಟಿನ ಗಂಟೆಯನ್ನು ಒಂದೇ ಸಮನೆ ಒತ್ತುತ್ತಿದ್ದರು.

"ಲಿಫ್ಟಣ್ಣಾ, ಎಲ್ಲಿ ಹೋದ್ರಿ?" ಲೆಕ್ಕಿಗರ ದನಿ.

"ಮೆಟ್ಟಿಲು ಹತ್ತಿ ಬನ್ನಿ ಸ್ವಾಮಿ, ಅವರು ಇಲ್ಲಿದ್ದಾರೆ!" ಎಂದು ಮೀಟರಮ್ಮ ಬಗ್ಗಿ ಕೂಗಿದಳು. ಆಮೇಲೆ ಗಂಡನ ಉಸಿರು ತಹಬಂದಿಗೆ ಬರುವವರೆಗೆ ಅವನ ಪಕ್ಕದಲ್ಲೇ ಕಾದು ನಿಂತಳು.