ಹತ್ತು ಗಂಟೆಯ ಮಿಕ್ಸಿ

ಇವತ್ತು ಬೆಳಿಗ್ಗೆ ಮನೆಯ ಚಾವಡಿ ಗುಡಿಸುವಾಗ ಸ್ವಾತಿಯ ಮೇಜಿನ ಗಿಡ್ಡ ಕಾಲಿನ ಅಡಿಯಲ್ಲಿ ಒಂದು ತಗಡಿನ ತುಂಡು ಕಂಡಿತು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಮೇಜು ಅಲ್ಲಾಡದಿರಲಿ ಎಂದು ನನ್ನ ಹೊಲಿಗೆ ಡಬ್ಬಿಯಿಂದ ಹುಡುಕಿ ಇಟ್ಟುಕೊಂಡಿದ್ದಾಳೆ. ತೆಗೆದು ಮೂಸಿ ನೋಡಿದೆ. ಇಷ್ಟು ವರ್ಷದ ಮೇಲೆ ಅದಕ್ಕೆ ಹೊಗೆಸೊಪ್ಪಿನ ವಾಸನೆ ಎಲ್ಲಿಂದ ಬರಬೇಕು? ಆದರೂ ಬಂತು. ನನ್ನ ಮೂಗಿನ ಮಾತನ್ನು ನೀವು ಪೂರ್ತಿ ನಂಬಬೇಕಾಗಿಲ್ಲ, ಮೊಮ್ಮಕ್ಕಳೇ.

ಅದು ಬೀಡಿ ಎಲೆಯ ಅಳತೆ. ಎಲೆಯ ಮೇಲೆ ಅದನ್ನಿಟ್ಟು ಸುತ್ತ ಕತ್ತರಿ ಆಡಿಸಬೇಕು. ಇದೇ ಚಾವಡಿಯಲ್ಲಿ, ಈಗ ಸ್ವಾತಿಯ ಕುರ್ಚಿ ಇರುವ ಜಾಗದಲ್ಲಿ, ನಾನು ಹದಿನಾಲ್ಕು ವರ್ಷ ಬೀಡಿ ಕಟ್ಟಿದ್ದೇನೆ. ನೀವೆಲ್ಲ ನನ್ನನ್ನು ಶಾಲೆಯಲ್ಲಿ ಗಂಜಿ ಬೇಯಿಸಿದ ಅಜ್ಜಿ ಎಂದೇ ತಿಳಿದವರು. ಬೀಡಿಯ ಕಾಲವನ್ನು ನಾನು ಯಾರಿಗೂ ಹೆಚ್ಚು ಹೇಳಿದ್ದಿಲ್ಲ.

ಸ್ವಾತಿ ನನ್ನ ಹಿರಿಯ ಮಗಳ ಮಗಳು, ಸಾಫ್ಟ್‌ವೇರ್ ಇಂಜಿನಿಯರ್. ಮನೆಯಿಂದಲೇ ಕೆಲಸ ಮಾಡಬಹುದು ಎಂದು ಕಂಪನಿ ಹೇಳಿದಾಗ ಅವಳ ಮನೆಯಲ್ಲಿ ಇಂಟರ್ನೆಟ್ ಸರಿಯಾಗಿ ಸಿಗುತ್ತಿರಲಿಲ್ಲ. ನಮ್ಮ ಮನೆಯ ಎದುರು ಹೊಸ ಕೇಬಲ್ ಹಾದುಹೋಗಿತ್ತು. ಹಾಗೆ ಬಂದವಳು ಎರಡು ವರ್ಷದಿಂದ ಇಲ್ಲೇ ಇದ್ದಾಳೆ. ದಿನಾ ಬೆಳಿಗ್ಗೆ ಹತ್ತಕ್ಕೆ ಅವಳಿಗೆ ಮೀಟಿಂಗು. ನಿನ್ನೆ ಎಂತ ಮಾಡಿದೆ, ಇವತ್ತು ಎಂತ ಮಾಡುತ್ತೇನೆ ಎಂದು ಒಬ್ಬೊಬ್ಬರೂ ಹೇಳಬೇಕಂತೆ. ಆ ಹೊತ್ತಿಗೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ, ನಾನು ಮಿಕ್ಸಿ ಮುಟ್ಟುವುದಿಲ್ಲ. ನಮ್ಮಿಬ್ಬರ ನಡುವೆ ಅದೊಂದು ಒಪ್ಪಂದ.

ಸಂಜೆ ಚಹಾದ ಹೊತ್ತಿಗೆ ಅವಳು ತನ್ನ ಕೆಲಸದ ಸುದ್ದಿ ಹೇಳುತ್ತಿದ್ದಳು. ಅವಳು ಬರೆದದ್ದನ್ನು ಇನ್ನೊಬ್ಬರು ಓದಿ, ತಪ್ಪು ತೋರಿಸಿ ವಾಪಸು ಕಳಿಸುತ್ತಾರಂತೆ. ಅವಳದ್ದನ್ನು ನೋಡುವವರು ತೋಮಸ್ ಎಂಬ ಹಿರಿಯರು, ಅಲ್ಪವಿರಾಮವನ್ನೂ ಬಿಡುವವರಲ್ಲ. ಒಂದೇ ವಾರ ಆರು ಸಲ ವಾಪಸು ಬಂತು ಎಂದು ಕೇಳಿ ನನಗೆ ಅನ್ನ ಇಳಿಯಲಿಲ್ಲ. ದೇವರಿಗೆ ಒಂದು ತೆಂಗಿನಕಾಯಿ ಹೇಳಿಕೊಂಡದ್ದೂ ಆಯಿತು. ಅವಳು ನಕ್ಕಳು. "ವಾಪಸು ಬಂದರೆ ಒಳ್ಳೆಯದೇ ಅಜ್ಜಿ. ಓದಿದವರು ಒಬ್ಬರು ಇದ್ದಾರೆ ಅಂತ ಆಯಿತಲ್ಲ."

ನನಗೆ ನಮ್ಮ ಬ್ರಾಂಚಿನ ಚೆಕ್ಕರ್ ನೆನಪಾದರು. ಬ್ರಾಂಚು ಎಂದರೆ ಬೀಡಿ ಕಂಪನಿಯವರು ಊರಿನಲ್ಲಿ ಇಟ್ಟಿದ್ದ ಕೋಣೆ. ಎಲೆ, ಹೊಗೆಸೊಪ್ಪು, ನೂಲು ಅಲ್ಲಿಂದ ತರುವುದು, ಕಟ್ಟಿದ ಬೀಡಿ ಅಲ್ಲಿ ಕೊಡುವುದು. ಚೆಕ್ಕರ್ ಪ್ರತಿ ಕಟ್ಟನ್ನೂ ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಸಡಿಲ ಇದ್ದದ್ದನ್ನು ಎಲ್ಲರ ಎದುರೇ ತೆಗೆದು ಎಸೆಯುತ್ತಿದ್ದರು. ನಾನು ತಲೆ ಎತ್ತುತ್ತಿರಲಿಲ್ಲ. ಅವರ ಮುಖಕ್ಕಿಂತ ಚಪ್ಪಲಿಯೇ ನನಗೆ ಹೆಚ್ಚು ಪರಿಚಯ. ಆದರೆ ಹೆಸರು ಕೇಳದೆ, ನೂಲಿನ ಗಂಟು ನೋಡಿಯೇ ಇದು ಯಾರ ಕೈಯದ್ದು ಎಂದು ಹೇಳಬಲ್ಲವರು ಊರಿನಲ್ಲಿ ಅವರೊಬ್ಬರೇ.

ಈ ವರ್ಷ ಸ್ವಾತಿಯ ಸುದ್ದಿಯ ಧಾಟಿ ಬದಲಾಯಿತು. ಅವಳು ಎರಡು ದಿನ ಕೂತು ಬರೆಯುವುದನ್ನು ಈಗ ಯಂತ್ರವೇ ಎರಡು ನಿಮಿಷದಲ್ಲಿ ಬರೆಯುತ್ತದಂತೆ. ಸರಿ ಉಂಟಾ ಎಂದು ನೋಡುವುದಷ್ಟೇ ಅವಳ ಕೆಲಸ. ಹಾಗಾದರೆ ನೀನೀಗ ಚೆಕ್ಕರ್, ನಿನಗೆ ಬಡ್ತಿ ಸಿಕ್ಕಿತು ಎಂದು ನಾನು ಸಂತೋಷಪಟ್ಟೆ.

"ಒಂದು ಬ್ರಾಂಚಿಗೆ ಎಷ್ಟು ಚೆಕ್ಕರ್ ಇದ್ದದ್ದು ಅಜ್ಜಿ?"

"ಒಬ್ಬರು."

ಅವಳು ಲೋಟ ತೊಳೆಯಲು ಎದ್ದು ಹೋದಳು.

ಕಳೆದ ತಿಂಗಳು ಒಂದು ಸೋಮವಾರ ಹತ್ತು ಗಂಟೆಗೆ ಚಾವಡಿಯಿಂದ ಮಾತು ಕೇಳಿಸಲಿಲ್ಲ. ಮಂಗಳವಾರವೂ ಇಲ್ಲ. ಅವಳು ಎಂದಿನಂತೆ ಒಂಬತ್ತಕ್ಕೆ ತಲೆ ಬಾಚಿ, ಕಿವಿಗೆ ಹೆಡ್‌ಫೋನು ಇಟ್ಟು ಕೂರುತ್ತಿದ್ದಳು, ಆರಕ್ಕೆ ಏಳುತ್ತಿದ್ದಳು. ಕೇಳಲು ನನಗೆ ಬಾಯಿ ಬರಲಿಲ್ಲ. ಮೊದಲಿನಿಂದಲೂ ನನ್ನದು ಇದೇ ರೋಗ. ಗುರುವಾರ ಹತ್ತಕ್ಕೆ ಸರಿಯಾಗಿ ತೆಂಗಿನತುರಿ ಹಾಕಿ ಮಿಕ್ಸಿ ತಿರುಗಿಸಿದೆ. ನಮ್ಮ ಮಿಕ್ಸಿಯ ಸದ್ದು ಬಸ್ ಸ್ಟಾಪಿನವರೆಗೆ ಕೇಳುತ್ತದೆ. ಅವಳು ಬಾಗಿಲು ಹಾಕಲಿಲ್ಲ, ಅಜ್ಜಿ ಎಂದು ಕರೆಯಲೂ ಇಲ್ಲ. ಕೆಲಸ ಹೋಗಿದೆ ಎಂದು ನನಗೆ ತಿಳಿಯಿತು.

ಅಷ್ಟು ಬೇಗ ತಿಳಿಯಲು ಕಾರಣವಿದೆ. ನಾನೂ ಹೀಗೆಯೇ ಮಾಡಿದವಳು.

ನಿಮ್ಮ ಅಜ್ಜ ತೀರಿಹೋಗಿ ಎರಡು ವರ್ಷವಾಗಿತ್ತು. ಒಂದು ದಿನ ಹೋದರೆ ಬ್ರಾಂಚಿಗೆ ಬೀಗ. ಕಂಪನಿಗೆ ಬೇಡಿಕೆ ಇಲ್ಲ, ಇನ್ನು ತೆರೆಯುವುದಿಲ್ಲ ಎಂದರು. ಮನೆಯಲ್ಲಿ ಅತ್ತೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಅತ್ತೆಗೆ ಹೇಗೆ ಹೇಳುವುದೆಂದು ತಿಳಿಯದೆ, ಇನ್ನು ಬ್ರಾಂಚಿನಲ್ಲೇ ಕೂತು ಕಟ್ಟಬೇಕಂತೆ ಎಂದು ಸುಳ್ಳು ಹೇಳಿ, ಮರುದಿನವೂ ಖಾಲಿ ಬುಟ್ಟಿಗೆ ಬಟ್ಟೆ ಮುಚ್ಚಿ ಹೊರಟೆ. ಬೀಗ ಹಾಕಿದ ಬ್ರಾಂಚಿನ ಜಗಲಿಯಲ್ಲಿ, ನನ್ನ ಹಾಗೆಯೇ ಬೀಡಿ ಕಟ್ಟುತ್ತಿದ್ದ ಬೀಫಾತುಮ್ಮ ಕೂತಿದ್ದರು, ಅವರ ಬುಟ್ಟಿಗೂ ಬಟ್ಟೆ ಮುಚ್ಚಿತ್ತು. ತೆರೆಯುತ್ತಾರಾ ಎಂದು ನೋಡಲು ಬಂದೆ ಅಂದರು. ನಾನೂ ಹಾಗೆಯೇ ಅಂದೆ. ಹತ್ತು ದಿನ ನಾವಿಬ್ಬರೂ ಅಲ್ಲಿ ಕೂತು, ತೆರೆಯುತ್ತಾರಾ ಎಂದು ನೋಡಿದೆವು.

ಆರನೆಯ ದಿನ ಹೆಡ್‌ಮಾಸ್ಟ್ರು ಆ ದಾರಿಯಾಗಿ ಬಂದರು. ಶಾಲೆಯಲ್ಲಿ ಮಧ್ಯಾಹ್ನದ ಗಂಜಿ ಮಾಡಲು ಜನ ಬೇಕು, ನಿಮಗೆ ಆಗುತ್ತದಾ ಎಂದು ಕೇಳಿದರು. ನಾನು ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, "ನನಗೆ ಬೀಡಿ ಉಂಟಲ್ಲ ಸರ್" ಎಂದೆ. ಆ ಮಾತನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹತ್ತನೆಯ ದಿನ ಬೀಫಾತುಮ್ಮ ಎಲೆ ಅಡಿಕೆ ಜಗಿಯುತ್ತಾ ಕೇಳಿದರು, "ನೀನು ಯಾರಿಗೆ ಹೆದರಿ ಬರುವುದು ಮಾರಾಯ್ತಿ?"

"ಅತ್ತೆಗೆ."

"ನಾನು ಸೊಸೆಗೆ."

ನಕ್ಕು ನಕ್ಕು ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ಮೊರದಿಂದ ಕಣ್ಣು ತೆಗೆಯಲಿಲ್ಲ. ಮೂರನೆಯ ದಿನವೇ ಗೊತ್ತಾಗಿತ್ತಂತೆ. ಬಡಿಸುವಾಗ ನನ್ನ ಕೈಗೆ ಹೊಗೆಸೊಪ್ಪಿನ ವಾಸನೆ ಇರಲಿಲ್ಲವಂತೆ. ಮತ್ತೆ ಯಾಕೆ ಕೇಳಲಿಲ್ಲ ಎಂದೆ.

"ನೀನೇ ಹೇಳಲಿ ಅಂತ ಕಾದೆ."

ಅವರದ್ದು ದೊಡ್ಡ ಮನಸ್ಸು, ಅದರಲ್ಲಿ ಸಂಶಯವಿಲ್ಲ. ಆದರೆ ಅವರು ಕಾಯುತ್ತಿದ್ದಾಗಲೇ ಶಾಲೆಯ ಕೆಲಸ ಬೇರೆಯವರ ಪಾಲಾಗಿತ್ತು. ಆಮೇಲೆ ಎರಡು ಮೈಲಿ ಆಚೆಯ ಶಾಲೆಗೆ ನಾನೇ ನಡೆದುಹೋಗಿ, ಗಂಡಸರ ಎದುರು ನಿಂತು ಮಾತಾಡಲು ಅರಿಯದವಳು, ಗಂಜಿಯ ಕೆಲಸ ಉಂಟಾ ಎಂದು ಕೇಳಿದೆ. ಮೂರು ಸಲ ಹೋದ ಮೇಲೆ ಸಿಕ್ಕಿತು.

ಆದ್ದರಿಂದ ಸ್ವಾತಿಯ ವಿಷಯದಲ್ಲಿ ನಾನು ಕಾಯಲಿಲ್ಲ. ಗುರುವಾರ ಅರೆದ ಚಟ್ನಿಯನ್ನು ಅಲ್ಲೇ ಬಿಟ್ಟು, ಅವಳ ಕುರ್ಚಿಯ ಬಳಿ ನೆಲದಲ್ಲಿ ಕೂತು, ಖಾಲಿ ಬುಟ್ಟಿಯ ಕಥೆ ಹೇಳಿದೆ. ಅವಳು ಹೆಡ್‌ಫೋನು ತೆಗೆದಿಟ್ಟಳು. ಏಳು ನಿಮಿಷದ ಒಂದು ಮೀಟಿಂಗಿನಲ್ಲಿ ನಲವತ್ತು ಜನರ ಕೆಲಸ ಹೋಗಿತ್ತು. ಅಮ್ಮ ಊರಿಗೆಲ್ಲ ಹೊಗಳಿಕೊಂಡು ತಿರುಗುತ್ತಾಳೆ, ಅವಳಿಗೆ ಹೇಗೆ ಹೇಳಲಿ ಎಂದು ಸುಮ್ಮನಿದ್ದಳು. ಇನ್ನೊಂದು ಕಂಪನಿಯ ಗೆಳತಿ, ನಮ್ಮಲ್ಲಿ ಜನ ಬೇಕು ಬರುತ್ತೀಯಾ ಎಂದು ಆ ಮಂಗಳವಾರವೇ ಮೆಸೇಜು ಮಾಡಿದ್ದಳಂತೆ. ಇವಳು, ನಾನು ಇಲ್ಲೇ ಆರಾಮ ಇದ್ದೇನೆ ಎಂದು ಉತ್ತರ ಕೊಟ್ಟಿದ್ದಳು.

"ಬುಟ್ಟಿಯಲ್ಲಿ ಎಂತದೂ ಇಲ್ಲ ಅಂತ ಬರೆ. ಈಗಲೇ ಬರೆ," ಎಂದೆ. ನನ್ನ ಸ್ವರ ನನಗೇ ಹೊಸದಾಗಿ ಕೇಳಿಸಿತು.

ಮೊದಲು ಅಮ್ಮನಿಗೆ ಫೋನು ಮಾಡಿದಳು. ಅಮ್ಮ ಅತ್ತಳು, ಆಮೇಲೆ ಊಟ ಮಾಡಿದೆಯಾ ಎಂದು ಕೇಳಿದಳು. ನಂತರ ಗೆಳತಿಗೆ ಬರೆದಳು. ಆ ಜಾಗ ಅಷ್ಟರಲ್ಲೇ ತುಂಬಿತ್ತು. ಅವಳ ಮುಖ ಸಣ್ಣದಾದದ್ದನ್ನು ನೋಡಿ, ನಿನ್ನ ಗಂಟು ಗುರುತು ಹಿಡಿಯುವವರು ಯಾರಿದ್ದಾರೆ ಎಂದು ಕೇಳಿದೆ. ಅವಳು ತೋಮಸ್ ಅವರಿಗೆ ಬರೆದಳು. ಅವರಿಗೂ ಅದೇ ಏಳು ನಿಮಿಷದಲ್ಲಿ ಕೆಲಸ ಹೋಗಿತ್ತು. ಆದರೆ ಅವರು ಮೂರು ಕಡೆಗೆ ಇವಳ ಹೆಸರು ಕೊಟ್ಟರು. ಎರಡು ಕಡೆಯವರು ಆಗುವುದಿಲ್ಲ ಎಂದರು. ಇವತ್ತು ಮೂರನೆಯವರ ಇಂಟರ್ವ್ಯೂ.

ನಿಮ್ಮಲ್ಲಿ ಇಬ್ಬರು ಇದೇ ವಿದ್ಯೆ ಕಲಿಯುತ್ತಿದ್ದೀರಿ, ಅದಕ್ಕೇ ಇದನ್ನು ಬರೆದೆ. ನಿನ್ನ ಹೆಸರು ಬಿಡಲೇ ಎಂದು ಸ್ವಾತಿಯನ್ನು ಕೇಳಿದ್ದೆ.

"ಹಾಕಿಯೇ ಬರೆಯಿರಿ ಅಜ್ಜಿ. ನಿಮ್ಮ ಬುಟ್ಟಿಯನ್ನೂ ಬಿಡಬೇಡಿ."

ತಗಡನ್ನು ಒರೆಸಿ ಮೇಜಿನ ಕಾಲಿನ ಅಡಿಗೇ ಸರಿಸಿದ್ದೇನೆ. ಹತ್ತಕ್ಕೆ ಅವಳು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅವಳ ಇಂಗ್ಲಿಷು ಕೇಳುತ್ತಾ ಉಂಟು, ತಡೆಯದೆ, ತಗ್ಗದೆ. ತುರಿದ ತೆಂಗಿನಕಾಯಿ ಮಿಕ್ಸಿಯ ಬಳಿಯೇ ಇದೆ. ಸಾಂಬಾರು ಇವತ್ತು ತಡವಾಗುತ್ತದೆ. ಆಗಲಿ.