ನಡುವಿನ ಹಳದಿ ಅಂಗಿ

ಲವೋನಳ ಕೆಲಸದಲ್ಲಿ ಅವಸರವಿರಲಿಲ್ಲ. ನೆಬ್ರಾಸ್ಕದ ಆ ಊರಿನ ಶಾಲೆಯಲ್ಲಿ ಅಡುಗೆ ಮುಗಿಸಿ ಬಂದವಳೇ ಜನೆಲ್‌ಳ ಹಳೆಯ ಟೀ ಶರ್ಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದಳು. ಜನೆಲ್ ಅವಳು ಹೆತ್ತ ಮಗಳಲ್ಲ. ಗಂಡ ಮೈಲೋನ ಮೊದಲ ಹೆಂಡತಿ ಕಾರ್ಲಾ ಸತ್ತು ವರ್ಷ ತುಂಬುವ ಮೊದಲೇ ಲವೋನ್ ಆ ಮನೆಗೆ ಬಂದಿದ್ದಳು. ಆಗ ಹುಡುಗಿಗೆ ಹಾಲುಹಲ್ಲು ಬೀಳುತ್ತಿದ್ದವು. ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ವಾಲಿಬಾಲ್ ಆಟಕ್ಕೆ ಕರೆದೊಯ್ದದ್ದು, ಬೆವರಿನ ಅಂಗಿ ಒಗೆದದ್ದು ಎಲ್ಲ ಇವಳೇ. ಆದರೂ ಜನೆಲ್ ಒಮ್ಮೆಯೂ ಅಮ್ಮ ಎನ್ನಲಿಲ್ಲ. ಹೆಸರು ಹಿಡಿದೇ ಕೂಗುತ್ತಿದ್ದಳು.

ಜನೆಲ್‌ಗೆ ಅದು ಹೈಸ್ಕೂಲಿನ ಕೊನೆಯ ವರ್ಷ. ಆ ಊರಲ್ಲಿ ಹೈಸ್ಕೂಲು ಮುಗಿಸಿದ ಮಕ್ಕಳ ಮನೆಯವರು ಕಾರಿನ ಶೆಡ್ಡು ತೊಳೆದು ಊರಿಗೆಲ್ಲ ಊಟ ಹಾಕುತ್ತಿದ್ದರು. ಮಗು ಬೆಳೆಯುತ್ತ ತೊಟ್ಟ ಟೀ ಶರ್ಟುಗಳನ್ನು ತಾಯಿಯಾದವಳು ಗುಟ್ಟಾಗಿ ಕೌದಿ ಮಾಡಿ ಅಂದು ಗೋಡೆಗೆ ತೂಗುಹಾಕಬೇಕು. "ಇದು ನಮ್ಮಮ್ಮ ಹೊಲಿದಿದ್ದು" ಎಂದು ಮಗು ಬಂದವರಿಗೆ ತೋರಿಸಬೇಕು. ಆ ಒಂದು ಮಾತಿಗಾಗಿ ಲವೋನ್ ಚಳಿಗಾಲವಿಡೀ ಹೊಲಿದಳು.

ಚರ್ಚಿನ ಕೆಳಕೋಣೆಯಲ್ಲಿ ಕೌದಿ ಹೊಲಿಯುವ ಹೆಂಗಸರಿಗೆ ವರ್ಲಾ ಯಜಮಾನಿ. ಅವಳು ಸತ್ತ ಕಾರ್ಲಾಳ ಅಕ್ಕ. ಒಂದು ದಿನ ಲವೋನ್ ಅವಳ ಮುಂದೆ ಹಳದಿ ಅಂಗಿಯೊಂದನ್ನು ಹಿಡಿದಳು. ಎದೆಯ ಮೇಲೆ ಜಾತ್ರೆಯ ಹಂದಿಮರಿಯ ಚಿತ್ರ, ಬಣ್ಣ ಅರ್ಧ ಹೋಗಿತ್ತು.

"ವರ್ಲಕ್ಕಾ, ಅಟ್ಟದ ಪೆಟ್ಟಿಗೇಲಿತ್ತು. ಜನೆಲ್‌ದೇ ಅಲ್ವಾ? ಅವಳು ಹಾಕಿದ್ದು ನಂಗೆ ನೆನಪಿಲ್ಲ."

ವರ್ಲಾ ಅದನ್ನು ಮೂಗಿಗೆ ಹಿಡಿದಳು. ಸೋಪಿನ ವಾಸನೆ.

"ಒಗೆದುಬಿಟ್ಯಾ?"

"ಒಗೀದೆ ಕತ್ತರಿಸಿದ್ರೆ ಆಮೇಲೆ ಬಟ್ಟೆ ಕುಗ್ಗಲ್ವಾ ಅಕ್ಕಾ?"

ವರ್ಲಾ ಹಂದಿಮರಿಯ ಚಿತ್ರದ ಮೇಲೆ ಬೆರಳಾಡಿಸಿದಳು. ಆಮೇಲೆ ಅಂಗಿಯನ್ನು ಲವೋನಳ ಎದೆಗೆ ಅಡ್ಡ ಹಿಡಿದು ನೋಡಿದಳು. "ಅವಳದಲ್ದೆ ನಿಂದಾ? ನಿನ್ನ ಒಂದು ತೋಳೂ ಇದರಲ್ಲಿ ತೂರಲ್ಲ ಕಣೇ."

ಹೆಂಗಸರು ನಕ್ಕರು. ಲವೋನ್ ಕೂಡ ನಕ್ಕಳು.

"ಮಧ್ಯಕ್ಕೆ ಹಾಕು. ಮೊದಲು ಕಣ್ಣಿಗೆ ಬೀಳ್ಲಿ," ಎಂದಳು ವರ್ಲಾ.

ಟೀ ಶರ್ಟಿನ ಬಟ್ಟೆ ಎಳೆದತ್ತ ಹೋಗುತ್ತದೆ. ಅದಕ್ಕೇ ಹಿಂದೆ ಅಂಟುಬಟ್ಟೆ ಇಟ್ಟು ಇಸ್ತ್ರಿ ಒತ್ತಬೇಕು. ಉಜ್ಜಬಾರದು, ಒತ್ತಿ ಎತ್ತಬೇಕು. ಒಮ್ಮೆ ಅಂಟಿತೆಂದರೆ ಬಿಡಿಸಲಾಗದು. ಲವೋನ್ ಚೌಕವಾಗಿ ಕತ್ತರಿಸಿ, ಮೂಲೆ ಮೂಲೆ ಒತ್ತಿ ಅಂಟಿಸಿದಳು. ಮುಗಿಯುವವರೆಗೂ ವರ್ಲಾ ಪಕ್ಕದಲ್ಲೇ ನಿಂತಿದ್ದು, ಆಮೇಲೆ ಕೋಟು ತೊಟ್ಟು ಮನೆಗೆ ಹೋದಳು.

ಊಟದ ದಿನ ಶೆಡ್ಡಿನ ತುಂಬ ಜನ. ಮೈಲೋ ಗೋಡೆಯ ಕೌದಿಗೆ ಮುಚ್ಚಿದ್ದ ಬಟ್ಟೆ ಎಳೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಲವೋನ್ ಏಪ್ರನ್ನಿಗೆ ಕೈ ಒರೆಸಿಕೊಂಡು ಕೌದಿಯ ಪಕ್ಕಕ್ಕೆ ಬಂದು ನಿಂತಳು.

ಜನೆಲ್ ಹತ್ತಿರ ಬಂದು ಹಳದಿ ಚೌಕವನ್ನು ಮುಟ್ಟಿದಳು. "ಇದು ನಮ್ಮಮ್ಮಂದು. ಆಸ್ಪತ್ರೇಲಿ ಹಾಕ್ಕೊಂಡಿದ್ಲು. ಅವಳ ವಾಸನೆ ಹೋಗ್ಬಾರ್ದು ಅಂತ ಒಗೀದೆ ಬಚ್ಚಿಟ್ಟಿದ್ದೆ."

"ನಂಗೆ ಗೊತ್ತಿರ್ಲಿಲ್ಲ ಪುಟ್ಟೀ. ವರ್ಲಕ್ಕನ್ನ ಕೇಳಿಯೇ..."

ಜನೆಲ್ ತಿರುಗಿದಳು. "ದೊಡ್ಡಮ್ಮಾ?"

ವರ್ಲಾ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಇದು ಕಾರ್ಲಾಂದು, ಕತ್ತರಿಸ್ಬೇಡ ಅಂದೆ ಕಂದಾ. ಚೆನ್ನಾಗಿ ಕಾಣುತ್ತೆ ಅಂತ ಇವಳೇ ಹಟ ಹಿಡಿದ್ಲು."

ಅಂದು ನಕ್ಕಿದ್ದ ಹೆಂಗಸರೆಲ್ಲ ಅಲ್ಲೇ ಇದ್ದರು. ಲವೋನ್ ಒಬ್ಬೊಬ್ಬರ ಮುಖ ನೋಡಿದಳು. ಒಬ್ಬೊಬ್ಬರೂ ತಮ್ಮ ತಟ್ಟೆಯ ಬನ್ನಿನೊಳಗಿನ ಮಾಂಸ ನೋಡಿಕೊಂಡರು.

ಜನೆಲ್ ಉಡುಗೊರೆ ಮೇಜಿನಿಂದ ಕತ್ತರಿ ತಂದಳು. ನಡುವಿನ ಚೌಕವನ್ನು ಸುತ್ತಲೂ ಕತ್ತರಿಸಿದಳು. ಒಳಗಿನ ಹತ್ತಿ ಅವಳ ತೋಳಿಗೆ ಮೆತ್ತಿಕೊಂಡಿತು. ಯಾರೂ ತಡೆಯಲಿಲ್ಲ.

"ಉಳಿದಿದ್ದು ನೀನೇ ಹೊದ್ಕೋ ಲವೋನ್," ಎಂದಳು. "ಈ ಬೇಸಿಗೆ ನಾನು ದೊಡ್ಡಮ್ಮನ ಮನೇಲಿರ್ತೀನಿ."

ಅವಳು ಹೋಗಿ ವರ್ಲಾಳ ಕಾರಿನಲ್ಲಿ ಕೂತಳು. ವರ್ಲಾ ಕೈಚೀಲ ಎತ್ತಿಕೊಂಡು, ದಾಟಿ ಹೋಗುವಾಗ ಲವೋನಳ ಭುಜ ತಟ್ಟಿದಳು.

"ಮಾಂಸ ಚೆನ್ನಾಗಿ ಬೆಂದಿದೆ ಕಣೇ."

ಕಾರು ಹೊರಟುಹೋಯಿತು. ಮೈಲೋ ಹೆಂಡತಿಯ ಹತ್ತಿರ ಬಂದ. ಏನಾದರೂ ಹೇಳುತ್ತಾನೆಂದು ಲವೋನ್ ಕಾದಳು.

"ಜನ ನಿಂತಿದ್ದಾರೆ," ಎಂದ ಅವನು. "ಬಡಿಸು ಹೋಗು."

ಅವಳು ಸೌಟು ಹಿಡಿದು ಮೇಜಿನ ಹಿಂದೆ ನಿಂತಳು. ಸಾಲಿನಲ್ಲಿ ಮುಂದಿದ್ದವಳು ಕೆಳಕೋಣೆಯ ಹೆಂಗಸೇ. ಅವಳು ತಲೆ ಎತ್ತದೆ ತಟ್ಟೆ ಚಾಚಿದಳು.

"ನಂಗೆ ಇನ್ನೊಂದು ಚೂರು ಹಾಕು, ಲವೋನ್."

ಲವೋನ್ ಹಾಕಿದಳು.