ಒಂದೇ ಒತ್ತಿನ ನುರ್ಲಿಸ್

ಏಯ್, ಎದುರು ಜಗಲಿಯವರೇ, ಮೋಟಾರು ಸ್ವಲ್ಪ ನಿಲ್ಲಿಸಿ, ಕೇಳಿ! ಬಲೆ ಹೊಲಿಯುವವರು ಹೊಲಿಯುತ್ತಲೇ ಕೇಳಿ. ಬರಾಂಕಿಯಾ ಪಟ್ಟಣದಲ್ಲಿ ದುಡಿಯುವ ನಮ್ಮವರೇ, ನೀವೂ ಫೋನು ಕಿವಿಗಿಟ್ಟುಕೊಳ್ಳಿ, ಮಾತು ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸುತ್ತಿದ್ದೇನೆ. ನುರ್ಲಿಸ್ ಅಕ್ಕ ನಿನ್ನೆ ನಮ್ಮಪ್ಪನ ಫೋಟೋ ತೆಗೆದಳು. ಹೌದು, ಅನ್ಸೆಲ್ಮೊನದ್ದೇ. ನಗಬೇಡಿ, ಪೂರ್ತಿ ಕೇಳಿ.

ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ನಮ್ಮೂರಲ್ಲಿ ಪಕ್ಕದ ಮನೆಗೂ ದೋಣಿಯೇ ಬೇಕು. ಹಾಗಾಗಿ ನುರ್ಲಿಸಳ ಸ್ಟುಡಿಯೋ ಕೂಡ ಒಂದು ದೋಣಿ. ಕ್ಯಾಮೆರಾ ಬಂದ ಹೊಸತರಲ್ಲಿ ಅವಳು ಹೇಗಿದ್ದಳು, ನೆನಪಿದೆಯಾ? ಕೊಕ್ಕರೆ ಹಾರಿದರೆ ಟಕಟಕ, ಮಗು ಆಕಳಿಸಿದರೆ ಟಕಟಕ. ರೊಸೆಂದೊನ ಮದುವೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒತ್ತಿದ್ದೇ ಒತ್ತಿದ್ದು. ಕೊನೆಗೆ ಎರಡೂ ಮನೆಯವರು ಆರಿಸಲು ಕೂತು, ಎಲ್ಲ ಒಂದೇ ಥರ ಇವೆ ಎಂದು ಜಗಳವಾಡಿ, ಯಾವುದನ್ನೂ ಕೊಳ್ಳದೆ ಎದ್ದುಹೋದರು. ಆ ದಿನ ನುರ್ಲಿಸ್‌ಗೆ ಅನ್ನಿಸಿದ್ದು ಬೇರೆಯೇ. ಇಡೀ ಮದುವೆಯಲ್ಲಿದ್ದೂ ತಾನು ಏನನ್ನೂ ನೋಡಿರಲಿಲ್ಲವಂತೆ, ಬರೀ ಒತ್ತಿದ್ದಳಂತೆ.

ಆಮೇಲೆ ಅವಳೇ ತನಗೊಂದು ಕಟ್ಟಳೆ ಹಾಕಿಕೊಂಡಳು. ಮನೆಯ ಮುಂದೆ ಬಂದಾಗ ದೋಣಿ ನೂಕುವ ಗಳವನ್ನು ಒಳಗೆ ಇಟ್ಟುಬಿಡಬೇಕು. ನೀರಿನ ಸೆಳೆತಕ್ಕೆ ದೋಣಿ ತಾನಾಗಿ ತೇಲುವಾಗ ನೋಡುತ್ತಿರಬೇಕು. ದೂರದ್ದನ್ನು ಹತ್ತಿರಕ್ಕೆ ಎಳೆಯುವ ಜೂಮ್ ಮುಟ್ಟಬಾರದು. ಒಂದು ಮನೆಗೆ ದಿನಕ್ಕೆ ಒಂದೇ ಒತ್ತು. ಊರಿಡೀ ಗೇಲಿ ಮಾಡಿತು, ಅವಳು ಸುಮ್ಮನೆ ತೇಲುತ್ತಿದ್ದಳು. ಈಗ ನಿಮ್ಮ ಗೋಡೆ ನೋಡಿಕೊಳ್ಳಿ. ಯಾರ ಮನೆಯಲ್ಲಿ ಅವಳ ಫೋಟೋ ಇಲ್ಲ ಹೇಳಿ?

ನಮ್ಮ ಮನೆಯಲ್ಲಿ ಇರಲಿಲ್ಲ. ಕಾರಣ ಅಪ್ಪ. ಕ್ಯಾಮೆರಾ ಕಂಡರೆ ಉಪ್ಪು ಹಾಕಿ ಒಣಗಿಸಿದ ಮೀನಿನ ಹಾಗೆ ಸೆಟೆದುಕೊಳ್ಳುತ್ತಾನೆ. ಅವನ ಮದುವೆ, ನನ್ನ ನಾಮಕರಣ, ಗುರುತಿನ ಚೀಟಿ, ಎಲ್ಲದರಲ್ಲೂ ಪೊಲೀಸರು ಹಿಡಿದು ಕೂರಿಸಿದ ಮುಖ. ಈ ಶನಿವಾರ ತಂಗಿ ಯಾದಿರಾಳಿಗೆ ಹದಿನೈದು ತುಂಬಿತು. ಮುಂದಿನ ವಾರ ಅವಳು ಓದಲು ಬರಾಂಕಿಯಾಕ್ಕೆ ಹೊರಡುತ್ತಾಳೆ. ಜೊತೆಗೆ ಒಯ್ಯಲು ಅಪ್ಪನ ನಿಜವಾದ ಮುಖ ಬೇಕು ಎಂದು ಹಟ ಹಿಡಿದಿದ್ದಳು. ಹದಿನೈದರ ಹಬ್ಬಕ್ಕೆ ತಂದ ಗೌನು ಬಾಡಿಗೆಯದ್ದು, ಇವತ್ತು ಬೆಳಿಗ್ಗೆ ವಾಪಸು ಹೋಗಬೇಕಿತ್ತು. ಹಾಗಾಗಿ ನಿನ್ನೆಯ ಸಂಜೆ ಬಿಟ್ಟರೆ ಬೇರೆ ಹೊತ್ತಿರಲಿಲ್ಲ.

ಹದಿನೈದು ತುಂಬಿದ ಮಗಳ ಕಾಲಿಗೆ ಮೊದಲ ಎತ್ತರ ಹಿಮ್ಮಡಿಯ ಚಪ್ಪಲಿಯನ್ನು ತಂದೆಯೇ ತೊಡಿಸಬೇಕಲ್ಲ, ಅದೇ ಫೋಟೋ ಎಂದು ನಿಶ್ಚಯವಾಯಿತು. ಯಾದಿರಾ ನೀಲಿ ಗೌನು ಹರಡಿಕೊಂಡು ಜಗಲಿಯಲ್ಲಿ ಕೂತಳು. ಅಪ್ಪ ಚಪ್ಪಲಿ ಹಿಡಿದು ಮಂಡಿಯೂರಿದ, ಕಲ್ಲಾದ. ನುರ್ಲಿಸ್ ತೇಲಿ ಬಂದಳು, ನೋಡಿದಳು, ಒತ್ತದೆ ದಾಟಿಹೋದಳು. ತಿರುಗಿಸಿಕೊಂಡು ಬಂದು ಮತ್ತೂ ಹಾಗೇ ಹೋದಳು. ಬೆಳಕು ಇಳಿಯುತ್ತಿತ್ತು, ಅಮ್ಮನ ತಾಳ್ಮೆಯೂ.

"ಒತ್ತೇ ಮಾರಾಯ್ತಿ," ಎಂದಳು ಅಮ್ಮ. "ಹತ್ತು ಸಲ ಒತ್ತು, ಆಮೇಲೆ ಆರಿಸ್ಕೊಳ್ಳೋಣ."

"ಹತ್ತರಲ್ಲೂ ಇದೇ ಮುಖ ಬರತ್ತೆ, ತೆಮಿಲ್ದಾ ಅತ್ತೆ. ಮಾವ ಇನ್ನೂ ಬಂದಿಲ್ಲ."

"ಇಲ್ಲೇ ಇದೀನಲ್ಲೇ," ಎಂದ ಅಪ್ಪ, ತುಟಿ ಅಲ್ಲಾಡಿಸದೆ.

ಯಾದಿರಾಳ ಕಣ್ಣು ತುಂಬಿತ್ತು. ಇನ್ನೊಂದು ಸಲಕ್ಕೂ ಫೋಟೋ ಸಿಗದಿದ್ದರೆ ದಂಡೆಯ ಸ್ಟುಡಿಯೋದವನಿಗೆ ಫೋನು ಮಾಡುತ್ತೇನೆ ಎಂದು ಅಮ್ಮ ಗೊಣಗಿದಳು. ಅದು ಕೇಳಿಸಿಯೂ ನುರ್ಲಿಸ್ ಬಟನ್ ಒತ್ತಲಿಲ್ಲ. ಈ ಸಲ ಇನ್ನೂ ಹತ್ತಿರ ಬಂದಳು. ಎರಡೂ ಕೈ ಕ್ಯಾಮೆರಾದ ಮೇಲೆ, ಗಳ ಕಾಲಡಿಯಲ್ಲಿ. ಅಷ್ಟರಲ್ಲಿ ಯಾರದ್ದೋ ಮೋಟಾರಿನ ಅಲೆ ಬಂದು ಅವಳ ದೋಣಿಯನ್ನು ನೇರ ನಮ್ಮ ಮನೆಯ ಕಂಬಕ್ಕೆ ನೂಕಿತು.

ದೋಣಿ ಕಂಬಕ್ಕೆ ಬಡಿಯುವುದನ್ನು ನೋಡುತ್ತಾ ಕೂರುವ ಬೆಸ್ತ ಯಾರಿದ್ದಾನೆ? ಅಪ್ಪ ಕೈಯಲ್ಲಿದ್ದ ಚಪ್ಪಲಿ ಸಮೇತ ಜಗಲಿಯ ಅಂಚಿಗೆ ಹಾರಿ ಬಂದ. ಅರ್ಧ ಮೈ ನೀರಿನ ಮೇಲೆ ಚಾಚಿ, ಬರಿಗಾಲಿನಿಂದ ದೋಣಿಯ ಮೂತಿ ತಡೆದ. ಯಾದಿರಾ ಹಿಂದಿನಿಂದ ಅವನ ಬೆಲ್ಟು ಹಿಡಿದು ಜಗ್ಗಿದಳು.

"ಲೇ ಹುಡುಗಿ, ಕಣ್ಣು ಆ ಡಬ್ಬಿಯೊಳಗಿಟ್ರೆ ನೀರು ಯಾರು ನೋಡ್ತಾರೆ? ನಿಮ್ಮಜ್ಜಿ ಬಂದು ನೋಡ್ತಾಳಾ?" ಅಂದವನೇ ತನ್ನ ಮಾತಿಗೆ ತಾನೇ ನಗತೊಡಗಿದ.

ಟಕ್. ಒಂದೇ ಸಲ.

ಗೌನು ಅರ್ಧ ಬಂದಿಲ್ಲವಲ್ಲ ಎಂದು ಅಮ್ಮ ಶುರು ಮಾಡಿದಳು. ನುರ್ಲಿಸ್ ಕ್ಯಾಮೆರಾದ ಪುಟ್ಟ ಪರದೆ ತೋರಿಸಿದಳು. ಅದರಲ್ಲಿ ಅಪ್ಪ ನೋಡುವ ನಮ್ಮ ಮೇಲೆಯೇ ಬಾಗಿದಂತಿದ್ದ, ಕೈಯಲ್ಲಿ ಮಗಳ ಚಪ್ಪಲಿ, ಮುರಿದ ಹಲ್ಲು ಕಾಣುವಷ್ಟು ನಗು. ಹಿಂದೆ ಯಾದಿರಾ ಹಲ್ಲು ಕಚ್ಚಿ ಅವನನ್ನು ಹಿಡಿದುಕೊಂಡಿದ್ದಳು. ಅಮ್ಮ ತುಂಬ ಹೊತ್ತು ನೋಡಿದಳು.

"ನಾನು ಮದುವೆ ಆಗಿದ್ದು ಇವನನ್ನೇ," ಎಂದಳು. ಆಮೇಲೆ ನುರ್ಲಿಸಳ ತಲೆ ಎಳೆದುಕೊಂಡು ಕೂದಲಿಗೆ ಮುತ್ತಿಟ್ಟಳು.

ಅಕ್ಕಾ, ಇದು ನಿನಗೂ ತಲುಪುತ್ತದೆ ಎಂದು ಗೊತ್ತು. ನಿನ್ನೆ ಮುಖದೆದುರು ಹೇಳಲು ನಾಚಿಕೆಯಾಯಿತು. ಆ ಎರಡು ಸಲ ನೀನು ಒತ್ತದೆ ಹೋದೆಯಲ್ಲ, ಅದಕ್ಕೆ ನಾವು ನಿನಗೆ ಋಣಿ. ಒತ್ತಿಬಿಟ್ಟಿದ್ದರೆ ಯಾದಿರಾ ಒಣಮೀನು ಹೊತ್ತುಕೊಂಡು ಹೋಗಬೇಕಿತ್ತು.

ನಿನ್ನೆ ಫೋಟೋ ಆದಮೇಲೆ ಅಮ್ಮ ಕರಿದ ಮೀನು, ತೆಂಗಿನ ಹಾಲಿನ ಅನ್ನ ತಂದಳು. ಅಷ್ಟರಲ್ಲಿ ಅಪ್ಪ ಒಳಗೆ ಹೋಗಿ, ತಲೆಗೆ ನೀರು ಹಚ್ಚಿ ಬಾಚಿ, ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡು ಬಂದು ಸೆಟೆದು ನಿಂತ. ಈಗ ಸರಿಯಾದ್ದೊಂದು ತೆಗಿ ಎಂದ.

ನುರ್ಲಿಸ್ ಕ್ಯಾಮೆರಾವನ್ನು, ಅದು ನೆನೆಯದಂತೆ ದೋಣಿಯಲ್ಲಿಟ್ಟುಕೊಂಡಿರುವ ಬಕೆಟ್ಟಿನೊಳಗಿಟ್ಟು, ಮುಚ್ಚಳ ಬಿಗಿದು, ಅದರ ಮೇಲೆಯೇ ಕೂತು ಮೀನಿನ ಮುಳ್ಳು ಬಿಡಿಸತೊಡಗಿದಳು.